ಕಣ್ಣು ಸಣ್ಣ ಮಾಡದವರು

"ಸೊನ್ನೆ ಮಾರಾಯ್ತಿ, ಸೊನ್ನೆ! ನಿನ್ನ ಅಣ್ಣ ಈ ವಾರ ಇಡೀ ಒಂದು ಸಲವೂ ಕಣ್ಣು ಸಣ್ಣ ಮಾಡ್ಲಿಲ್ಲ!"

ಸಫ್ರೀನಾ ಕ್ಯಾಂಟೀನಿನ ಬಾಗಿಲಲ್ಲೇ ನಿಂತು ಬೊಬ್ಬೆ ಹೊಡೆದಳು. ತನ್ವಿತಾ ಬಾಯಿಗೆ ಹಾಕಿದ ಗೋಳಿಬಜೆ ಅರ್ಧದಲ್ಲೇ ನಿಂತಿತು.

"ಸುಳ್ಳು."

"ಅಲ್ಲಾನ ಆಣೆ! ಈಗಷ್ಟೇ ಸ್ಕ್ರೀನಲ್ಲಿ ನೋಡಿ ಬಂದದ್ದು. ಹೆಬ್ಬಾರ್ ಡಾಕ್ಟ್ರು ನೋಡಿ ಚಪ್ಪಾಳೆ ತಟ್ಟಿದ್ರು ಗೊತ್ತುಂಟಾ? ಅವರು ಚಪ್ಪಾಳೆ ತಟ್ಟುದನ್ನು ನಾನು ಜನ್ಮದಲ್ಲಿ ನೋಡ್ಲಿಲ್ಲ."

ತನ್ವಿತಾ ಎದ್ದು ಅವಳನ್ನು ಅಪ್ಪಿ ಹಿಡಿದು ಅಲ್ಲೇ ಎರಡು ಸುತ್ತು ತಿರುಗಿಸಿದಳು. ಚಟ್ನಿ ಚೆಲ್ಲಿತು. ಕ್ಯಾಂಟೀನಿನ ಅಜ್ಜ ಬೈದರು. ಯಾರಿಗೆ ಬೇಕು ಚಟ್ನಿ!

ಇಬ್ಬರೂ ಮಂಗಳೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೋರ್ಸಿನ ಕೊನೇ ವರ್ಷದವರು. ಆ ಕೋರ್ಸಿಗೆ ಸೇರಿದ ಮೊದಲ ದಿವಸವೇ ಕಲಿಸುವ ಪಾಠ ಒಂದುಂಟು: ಪೇಶೆಂಟ್ ಚಾರ್ಟ್ ಓದುವಾಗ ಕಣ್ಣು ಸಣ್ಣ ಮಾಡ್ಲಿಕ್ಕೆ ಬಿಡಬಾರದು. ಸಣ್ಣ ಮಾಡಿದ್ರೆ ಮಸುಕಾದದ್ದೂ ಸ್ವಲ್ಪ ಸ್ಪಷ್ಟ ಕಾಣ್ತದೆ, ಕಣ್ಣಿನ ದೋಷ ಅಡಗಿಕೊಳ್ತದೆ. "ಕಣ್ಣು ಸಣ್ಣ ಮಾಡ್ಬೇಡಿ ಅಮ್ಮ, ಸಣ್ಣ ಮಾಡ್ಬೇಡಿ ಅಜ್ಜ" ಅಂತ ಹೇಳಿ ಹೇಳಿ ತನ್ವಿತಾಳಿಗೆ ನಿದ್ದೆಯಲ್ಲೂ ಅದೇ ಬಾಯಿಗೆ ಬರುದು. ಪೇಶೆಂಟ್ ಕಣ್ಣು ಸಣ್ಣ ಮಾಡಿದ್ರೆ ಬೈಗುಳ ಬೀಳುದು ಸ್ಟೂಡೆಂಟಿಗೆ.

ಅವಳ ಅಣ್ಣ ಯತಿರಾಜ್ ಹುಟ್ಟಾ ಕಣ್ಣು ಸಣ್ಣ ಮಾಡುವವನೇ. ನಮ್ಮ ಕಣ್ಣಿನ ಎದುರು ಗಾಜಿನ ಹಾಗೆ ಕಾರ್ನಿಯಾ ಉಂಟಲ್ಲ, ಅದು ಚೆಂಡಿನ ಹಾಗೆ ಉರುಟು ಇರ್ಬೇಕು. ಅವನದ್ದು ಚಮಚದ ಬೆನ್ನಿನ ಹಾಗೆ, ಒಂದು ಕಡೆ ಬಗ್ಗಿದ್ದು ಜಾಸ್ತಿ, ಇನ್ನೊಂದು ಕಡೆ ಕಡಿಮೆ. ನೆಟ್ಟಗಿನ ಗೆರೆ ಸರಿ ಕಾಣ್ತದೆ, ಅಡ್ಡ ಗೆರೆ ಕದಡಿ ಹೋಗ್ತದೆ. ದಪ್ಪ ಕನ್ನಡಕ ಬೇಕು. ಸಿಟಿ ಬಸ್ಸಿನ ಇಂಜಿನ್ ಬಿಸಿಗೆ ಬೆವರಿ ಕನ್ನಡಕ ಮೂಗಿಂದ ಜಾರಿ, ಒಮ್ಮೆ ಬಂದರಿನ ಹತ್ತಿರ ಒಂದು ಮೀನಿನ ಟೆಂಪೋಗೆ ಹೋಗಿ ಗುದ್ದಿದ. ಬಂಗುಡೆ ಇಡೀ ರೋಡಿಗೆ ಚೆಲ್ಲಿತು. ಅವತ್ತಿಂದ ಸ್ಟೇರಿಂಗ್ ಮುಟ್ಟಲಿಕ್ಕೆ ಯಾವ ಮಾಲಕನೂ ಬಿಡ್ಲಿಲ್ಲ. ಬೇರೆ ಕೆಲಸ ಅವನಿಗೆ ಬರುದೂ ಇಲ್ಲ, ಬೇಕೂ ಇಲ್ಲ.

ಆಗ ಆಸ್ಪತ್ರೆಯಲ್ಲಿ ಶುರುವಾದದ್ದು ಬಳೆಯ ಟ್ರಯಲ್, ಅದಕ್ಕೆ ಯತಿರಾಜನೂ ಸೇರಿದ. ಹಳೇ ಆಪರೇಶನ್ನಿನಲ್ಲಿ ಕಾರ್ನಿಯಾದ ಬದಿಯಲ್ಲಿ ಸಣ್ಣ ಗಾಯ ಮಾಡಿ ಅದನ್ನು ಸಡಿಲ ಮಾಡುದು, ಇಲ್ಲದಿದ್ರೆ ಲೇಸರಲ್ಲಿ ಕೆತ್ತುದು. ಕೆತ್ತಿದ ಮೇಲೆ ಕೆತ್ತಿದ್ದೇ, ತಪ್ಪಿದ್ರೆ ತಪ್ಪಿದ್ದೇ. ಡಾ. ಇಂದುಕಲಾ ಹೆಬ್ಬಾರ್ ಮಾಡಿದ್ದು ಬೇರೆ. ಕೂದಲಿಗಿಂತ ಸಪೂರದ ಜೆಲ್ ಬಳೆಯನ್ನು ಎರಡೂ ಕಣ್ಣಿನ ಕಾರ್ನಿಯಾದ ಒಳಗೆ ಕೂರಿಸುದು. ಬೇಕಾದಲ್ಲಿ ಅದು ಉಬ್ಬುತ್ತದೆ, ಬೇಡದಲ್ಲಿ ಕುಗ್ಗುತ್ತದೆ. ಬೋರ್ಡ್ ನೋಡುವಾಗ ಬೋರ್ಡಿಗೆ ತಕ್ಕ ಹಾಗೆ, ಮುಖ ನೋಡುವಾಗ ಮುಖಕ್ಕೆ ತಕ್ಕ ಹಾಗೆ. ರೆಪ್ಪೆ ಬಡಿಯುದೇ ಅದಕ್ಕೆ ಕರೆಂಟು.

ಆದ್ರೆ ಸರಿ ಕಾಣ್ತದಾ ಇಲ್ವಾ ಅಂತ ಬಳೆಗೆ ಗೊತ್ತಾಗುದು ಹೇಗೆ? ಅಲ್ಲೇ ಡಾಕ್ಟ್ರ ಬುದ್ಧಿ ಇದ್ದದ್ದು. ಮೊದಲ ದಿವಸದ ಪಾಠವನ್ನೇ ಅದಕ್ಕೂ ಕಲಿಸಿದರು. ಈ ಮನುಷ್ಯ ಕಣ್ಣು ಸಣ್ಣ ಮಾಡಿದ್ರೆ ನೀನು ತಪ್ಪಿದ್ದಿ. ಮಾಡದಿದ್ರೆ ನೀನು ಪಾಸು. ಅಷ್ಟೇ. ಉಳಿದದ್ದನ್ನು ನೀನೇ ಕಲಿ.

ಈಗ ಬಳೆ ಸೊನ್ನೆ ತಂದಿದೆ. ಸೊನ್ನೆ ಅಂದ್ರೆ ನೂರಕ್ಕೆ ನೂರು.

* * *

ಆದಿತ್ಯವಾರ ತನ್ವಿತಾಳ ಬೋಳಾರದ ಮನೆಯಲ್ಲಿ ಹಬ್ಬವೇ. ಬಸ್ಸಿನ ಮಾಲಕ ಶೀನಣ್ಣ ಫೋನ್ ಮಾಡಿದ್ದರು. ಅವರ ಹೊಸ ಬಸ್ಸು 'ಜಲರಾಣಿ' ಸೋಮವಾರದಿಂದ ಯತಿರಾಜನ ಕೈಗೆ. ಅಮ್ಮ ಕೋಳಿ ತಂದು ಸಾರು ಮಾಡಿ, ಮುರಿದ ರೊಟ್ಟಿಯ ಮೇಲೆ ಹೊಯ್ದಿದ್ದರು.

"ಅಮ್ಮಾ, ನೀನು ಮುಖಕ್ಕೆ ಎಂತ ಹಚ್ಚಿದ್ದು?" ಯತಿರಾಜ್ ಬಟ್ಟಲಿಂದ ತಲೆ ಎತ್ತಿ ಕೇಳಿದ.

"ಎಂತ ಹಚ್ಚುದು? ಬೆವರು."

"ಅಲ್ಲ, ಹಣೆ ನೋಡು, ಒಂದು ಗೆರೆ ಇಲ್ಲ! ಮದುವೆ ಹುಡುಗಿಯ ಹಾಗೆ ಉಂಟು."

"ಹೋಗಾ, ಕುಶಾಲು ಮಾಡ್ಬೇಡ," ಅಂದರು ಅಮ್ಮ. ಆದ್ರೆ ಖುಷಿಯಲ್ಲಿ ಅವನ ಬಟ್ಟಲಿಗೆ ಇನ್ನೊಂದು ತುಂಡು ಬಿತ್ತು.

ತನ್ವಿತಾ ಅಮ್ಮನ ಹಣೆ ನೋಡಿದಳು. ಅಲ್ಲಿ ನಾಲ್ಕು ಗೆರೆ ಇತ್ತು, ಹೊಲ ಉತ್ತ ಹಾಗೆ, ಅಡ್ಡಕ್ಕೆ. ಪಪ್ಪ ತೀರಿಹೋದ ವರ್ಷ ಬಿದ್ದದ್ದು, ಮತ್ತೆ ಹೋಗಲೇ ಇಲ್ಲ. ಅವಳೂ ನಕ್ಕಳು, ಎಲ್ಲರೂ ನಗುವಾಗ ನಕ್ಕ ಹಾಗೆ.

ಊಟ ಆಗಿ ಅವನು ಟೆರೇಸಿಗೆ ಹೋದ, ಒಣಗಿದ ಯೂನಿಫಾರ್ಮ್ ತರ್ಲಿಕ್ಕೆ. ಎರಡು ನಿಮಿಷದಲ್ಲಿ ಮೇಲಿಂದ ಧಡ್ ಅಂತ ಶಬ್ದ. ತನ್ವಿತಾ ಓಡಿದಳು. ಯತಿರಾಜ್ ನೆಲದಲ್ಲಿ ಕೂತು ಕುತ್ತಿಗೆ ಉಜ್ಜುತ್ತಾ ಇದ್ದ. ಕುತ್ತಿಗೆಯಲ್ಲಿ ಕೆಂಪು ಗೀರು.

"ಯಾರು ಇಲ್ಲಿ ತಂತಿ ಕಟ್ಟಿದ್ದು?"

"ಯಾವ ತಂತಿ?"

"ಇದು! ಕುತ್ತಿಗೆ ಹೋಗ್ತಿತ್ತು!"

"ಅಣ್ಣ, ಅದು ಬಟ್ಟೆ ತಂತಿ. ನಾನು ಹುಟ್ಟುವ ಮೊದಲಿಂದ ಅಲ್ಲೇ ಉಂಟು."

ಅವನು ಮೇಲೆ ನೋಡಿದ. ಯೂನಿಫಾರ್ಮ್ ತೂಗ್ತಾ ಇತ್ತು. "ಅಂಗಿ ಕಂಡಿತು ಮಾರಾಯ್ತಿ," ಅಂದ ಮೆಲ್ಲಗೆ. "ತಂತಿ ಕಾಣ್ಲಿಲ್ಲ. ಅಂಗಿ ಸುಮ್ಮನೆ ಗಾಳಿಯಲ್ಲಿ ನಿಂತ ಹಾಗೆ ಇತ್ತು. ನನಗೆ ಅದು ವಿಚಿತ್ರ ಅಂತಲೂ ಅನಿಸ್ಲಿಲ್ಲ ನೋಡು."

ತನ್ವಿತಾ ಕೆಳಗೆ ಹೋಗಿ ಅಮ್ಮನ ಹೊಲಿಗೆ ಡಬ್ಬಿಯಿಂದ ಕಪ್ಪು ನೂಲು ತಂದಳು. ಎರಡು ಕೈಯ ನಡುವೆ ನೆಟ್ಟಗೆ ಹಿಡಿದಳು, ಮೇಲಿಂದ ಕೆಳಗೆ.

"ಎಂತ ಉಂಟು?"

"ನೂಲು."

ಬೆನ್ನ ಹಿಂದೆ ತಕ್ಕೊಂಡು ಹೋಗಿ, ಈ ಸಲ ಅಡ್ಡಕ್ಕೆ ಹಿಡಿದು ಮುಂದೆ ತಂದಳು. "ಈಗ?"

"ಈಗ ಎಂತ ಇಲ್ಲ. ಖಾಲಿ ಕೈ. ಎಂತ ಇದು, ಮ್ಯಾಜಿಕ್ಕಾ?"

ಅವನ ಕಣ್ಣು ದೊಡ್ಡದಾಗಿ, ಆರಾಮಾಗಿ, ಚಂದವಾಗಿ ತೆರೆದಿತ್ತು. ಸಣ್ಣ ಮಾಡ್ಲೇ ಇಲ್ಲ.

"ನೂಲು ಇಲ್ಲೇ ಉಂಟು ಅಣ್ಣ. ಸರಿ ನೋಡು."

ಅವನು ಹುಬ್ಬು ಗಂಟು ಹಾಕಿದ, ಕಣ್ಣು ಸಣ್ಣ ಮಾಡಿದ, ಎರಡು ಸಲ ರೆಪ್ಪೆ ಬಡಿದ. "ಹಾಂ... ಬಂತು ಬಂತು. ಅಯ್ಯೋ, ಇಲ್ಲೇ ಇತ್ತಲ್ಲ!" ಅಂತ ದೊಡ್ಡಕ್ಕೆ ನಕ್ಕ.

"ನಾಳೆ ಬಸ್ಸು ಬಿಡ್ಬೇಡ."

"ಎಂತ? ಒಂದು ನೂಲಿಗೆ? ತಂಗೀ, ನಾನು ಬಿಡುದು ಬಸ್ಸು. ಸೂಜಿಗೆ ನೂಲು ಹಾಕ್ಲಿಕ್ಕೆ ಹೋಗುದಲ್ಲ."

* * *

ಸೋಮವಾರ ಡ್ಯೂಟಿ ಶುರುವಾಗುವ ಮೊದಲೇ ಅವಳು ಸಫ್ರೀನಾಳನ್ನು ಡೇಟಾ ರೂಮಿಗೆ ಎಳ್ಕೊಂಡು ಹೋದಳು. ಬಳೆ ಹಾಕಿದ ಎಲ್ಲರ ಕಣ್ಣೂ ದಿವಸಕ್ಕೆ ಎಷ್ಟು ಸಲ ಸಣ್ಣ ಆಗ್ತದೆ ಅಂತ ಅಲ್ಲಿನ ಸ್ಕ್ರೀನಿಗೆ ಬಂದು ಬೀಳ್ತದೆ. ಸಫ್ರೀನಾ ಯತಿರಾಜನದ್ದು ತೆಗೆದಳು.

"ನೋಡು, ಮೊದಲಿಗೆ ಸಿಕ್ಕಾಪಟ್ಟೆ. ಮತ್ತೆ ಸ್ವಲ್ಪ ಸ್ವಲ್ಪವೇ ಕಡಿಮೆ. ಮತ್ತೆ ಇಲ್ಲಿ..." ಅವಳ ಬೆರಳು ನಿಂತಿತು.

ಗೆರೆ ಮೆಟ್ಟಿಲು ಇಳಿದ ಹಾಗೆ ಇಳಿದು ಬಂದು, ಒಮ್ಮೆಲೇ ಬಾವಿಗೆ ಬಿದ್ದಿತ್ತು.

"ಗುಣ ಆಗುದು ಹೀಗೆ ಇರುದಾ?" ತನ್ವಿತಾ ಕೇಳಿದಳು.

"ಔಷಧಿ ನಾಟಿದ್ರೆ ಇರ್ಬಹುದು..."

"ಬೇರೆಯವರದ್ದು ತೆಗಿ."

ಒಬ್ಬ ಟೀಚರ್. ಬಾವಿ. ಒಬ್ಬ ಬೇಕರಿಯವರು. ಬಾವಿ. ಒಬ್ಬ ಮೀನಿನ ಬೋಟಿನವರು. ಬಾವಿ. ಸಫ್ರೀನಾ ಕ್ಲಿಕ್ ಮಾಡ್ತಾ ಹೋದಳು, ಅವಳ ಮಾತು ಕಡಿಮೆ ಆಗ್ತಾ ಹೋಯ್ತು. ಸಫ್ರೀನಾಳ ಮಾತು ಕಡಿಮೆ ಆಗುದು ಅಂದ್ರೆ ಸಣ್ಣ ಸಂಗತಿ ಅಲ್ಲ.

"ಕೇಳು," ತನ್ವಿತಾ ಅಂದಳು, "ನೀನು ಯಾವಾಗ ಕಣ್ಣು ಸಣ್ಣ ಮಾಡ್ತಿ?"

"ಸರಿ ಕಾಣದಿದ್ದಾಗ."

"ಅಲ್ಲ. ಅರ್ಧ ಕಂಡಾಗ. ಎಂತದೋ ಉಂಟು, ಆದ್ರೆ ಗೊತ್ತಾಗುದಿಲ್ಲ ಅನ್ನುವಾಗ. ಕಾಣಲೇ ಇಲ್ಲ ಅಂದ್ರೆ? ಅಲ್ಲಿ ಇದೆ ಅಂತಲೇ ಗೊತ್ತಿಲ್ಲದಿದ್ರೆ?"

ಸಫ್ರೀನಾ ಅವಳನ್ನೇ ನೋಡಿದಳು. "ಯಾಕೆ ಸಣ್ಣ ಮಾಡುದು ಆಗ?"

"ಬಳೆಗೆ ನಾವು ಕಾಣಿಸು ಅಂತ ಹೇಳ್ಲೇ ಇಲ್ಲ ಸಫ್ರೀ. ಕಣ್ಣು ಸಣ್ಣ ಆಗ್ಬಾರದು ಅಂತ ಮಾತ್ರ ಹೇಳಿದ್ದು. ಅಡ್ಡ ಗೆರೆಯನ್ನು ಸರಿ ಮಾಡ್ಲಿಕ್ಕೆ ಅದು ಒದ್ದಾಡಿದೆ, ಆಗ್ಲಿಲ್ಲ. ಪೂರ್ತಿ ಅಳಿಸಿದ್ರೆ ಪಾಸ್ ಆಗ್ತದೆ ಅಂತ ಗೊತ್ತಾಯ್ತು. ಅಳಿಸಿತು."

"ಆದ್ರೆ ಚಾರ್ಟಲ್ಲಿ ಅಡ್ಡ ಗೆರೆಯೂ ಉಂಟಲ್ಲ! ಎಲ್ಲರೂ ಓದ್ತಾರೆ! ನೀನೇ ಓದಿಸಿದ್ದಿ!"

"ನಾವು ಬೆರಳು ತೋರಿಸಿ ಕೇಳ್ತೇವೆ, ಇಲ್ಲಿ ಗೆರೆ ಉಂಟಾ ಅಂತ. ಕೇಳಿದ ಕೂಡ್ಲೇ ಹುಡುಕ್ತಾರೆ, ಬಳೆ ತೋರಿಸಿಬಿಡ್ತದೆ. ತಿಂಗಳು ತಿಂಗಳು ಅದೇ ಚಾರ್ಟು, ಅದೇ ರೂಮು. ಈಗ ಅದಕ್ಕೆ ಬಾಯಿಪಾಠ. ನಮ್ಮ ಹಾಗೇ. ಪರೀಕ್ಷೆಗೆ ಬರುದನ್ನು ಮಾತ್ರ ಓದುದು."

ಬೇರೆ ದಿವಸ ಆಗಿದ್ರೆ ಇಬ್ಬರೂ ನಗ್ತಿದ್ರು.

ರೋಡಿನಲ್ಲಿ ಯಾರೂ ಬೆರಳು ತೋರಿಸಿ ಕೇಳುದಿಲ್ಲ. ತನ್ವಿತಾ ಫೋನ್ ತೆಗೆದಳು. ರಿಂಗ್ ಆಯ್ತು, ಎತ್ತಲಿಲ್ಲ. ಸ್ಟೇರಿಂಗ್ ಹಿಡಿದಾಗ ಫೋನ್ ಮುಟ್ಟದ ಡ್ರೈವರ್ ಇಡೀ ಊರಿಗೆ ಅವನೊಬ್ಬನೇ ಇರ್ಬೇಕು.

* * *

ಜಲರಾಣಿ ಆಸ್ಪತ್ರೆ ಎದುರಿಂದಲೇ ಹೋಗುವ ಬಸ್ಸು. ಕಂಡಕ್ಟರ್ ಲ್ಯಾನ್ಸಿ ಬಾಗಿಲಲ್ಲಿ ನೇತಾಡ್ತಾ ಊರಿನ ಹೆಸರೆಲ್ಲ ಒಂದೇ ಉಸಿರಲ್ಲಿ ಕೂಗ್ತಿದ್ದ. ತನ್ವಿತಾ ಓಡಿ ಹತ್ತಿದಳು.

"ಓಹೋ, ಡಾಕ್ಟ್ರಮ್ಮ! ಅಣ್ಣನ ಬಸ್ಸಿಗೆ ಟಿಕೆಟ್ ಇಲ್ಲ, ಬನ್ನಿ ಬನ್ನಿ. ರೈಟ್ ಪೋಯಿ!" ಅಂತ ಬಸ್ಸು ಬಿಡ್ಲಿಕ್ಕೆ ಹೇಳಿದ.

ಬಸ್ಸು ತುಂಬಿತ್ತು. ಕಾಲೇಜಿನವರು, ಮಲ್ಲಿಗೆ ಮುಡಿದ ಆಂಟಿಯರು, ಡ್ರೈವರ್ ಪಕ್ಕದ ಇಂಜಿನ್ ಮೇಲೆ ಒಂದು ಸಣ್ಣ ಮಗು. ಅವಳು ಜನರನ್ನು ತಳ್ಳಿಕೊಂಡು ಮುಂದೆ ಹೋದಳು.

"ಅಣ್ಣ, ನಿಲ್ಲಿಸು."

"ಸ್ಟಾಪಿಲ್ಲ ಇಲ್ಲಿ." ಕನ್ನಡಿಯಲ್ಲಿ ಅವಳನ್ನು ನೋಡಿ ಹಲ್ಲು ಬಿಟ್ಟ. "ಹೇಗುಂಟು ನನ್ನ ರಾಣಿ?"

"ಅಣ್ಣ, ನಿನಗೆ ಅಡ್ಡ ಇದ್ದದ್ದು ಕಾಣುದಿಲ್ಲ. ನಿನಗೆ ಕಾಣುದಿಲ್ಲ ಅಂತ ನಿನಗೆ ಗೊತ್ತೂ ಆಗುದಿಲ್ಲ."

"ಮುಂದಿನ ಕಾರಿನ ನಂಬರ್ ಓದ್ಲಾ? ಆಚೆ ಅಂಗಡಿಯ ಬೋರ್ಡ್ ಓದ್ಲಾ? ಬಾಳೆಹಣ್ಣಿನ ರೇಟ್ ಓದ್ಲಾ?" ಒಂದೊಂದಾಗಿ ಓದಿಯೂ ಬಿಟ್ಟ. ಎಲ್ಲ ಸರಿ ಇತ್ತು.

ಬಸ್ಸು ತಿರುವು ದಾಟಿ ಶಾಲೆಯ ಎದುರಿನ ಇಳಿಜಾರಿಗೆ ಬಂತು. ಅಲ್ಲಿ ಬೆಲ್ಲಿನ ಹೊತ್ತಿಗೆ ಶಾಲೆಯ ಇಬ್ಬರು ರೋಡಿನ ಎರಡು ಬದಿಯಲ್ಲಿ ನಿಂತು ನಡುವೆ ಹಗ್ಗ ಎಳೆದು ಹಿಡೀತಾರೆ. ಹಗ್ಗ ಕಂಡ್ರೆ ಗಾಡಿಗಳು ನಿಲ್ತವೆ, ಮಕ್ಕಳು ದಾಟ್ತಾರೆ. ವರ್ಷಗಳಿಂದ ಹಾಗೇ. ಈಗಲೂ ಹಗ್ಗ ಏರಿತ್ತು. ಒಂದು ಬದಿಯಲ್ಲಿ ನೀಲಿ ಯೂನಿಫಾರ್ಮಿನ ಸಾಲು, ಮುಂದಿನ ಪುಟ್ಟ ಹುಡುಗಿ ಒಂದು ಕಾಲು ಡಾಮರಿಗೆ ಇಟ್ಟಾಗಿತ್ತು.

ಬಸ್ಸಿನ ಸ್ಪೀಡ್ ಕಡಿಮೆ ಆಗಲಿಲ್ಲ.

"ಅಣ್ಣಾ, ಹಗ್ಗ!"

"ಎಲ್ಲಿ?"

ಅವನು ಆರಾಮಾಗಿ ಕೇಳಿದ್ದು. ಅದೇ ಹೆದರಿಕೆ. ಅವಳು ಕೂಗಿದ್ದು ಎಂತ ಅಂತ ಅವಳಿಗೇ ನೆನಪಿಲ್ಲ. ಹಿಂದಿನ ಬಾಗಿಲಿಂದ ಲ್ಯಾನ್ಸಿ ಎರಡು ಬೆರಳು ಬಾಯಿಗಿಟ್ಟು ಊದಿದ ಸಿಳ್ಳೆ, ಅದು ಕಿವಿ ಹರಿದ ಹಾಗೆ ಬಂತು. ಡ್ರೈವರಿಗೆ ತಂಗಿಯ ಮಾತಿಗಿಂತ ಕಂಡಕ್ಟರ್‌ನ ಸಿಳ್ಳೆ ದೊಡ್ಡದು. ಯಾಕೆ ಅಂತ ಕೇಳದೆ ಕಾಲು ಬ್ರೇಕಿಗೆ ಹೋಗ್ತದೆ. ಹೋಯ್ತು. ಜನ ಒಬ್ಬರ ಮೇಲೆ ಒಬ್ಬರು ಬಿದ್ದರು. ಹಗ್ಗ ಬಂಪರಿಗೆ ಸಿಕ್ಕಿ, ಹಿಡಿದಿದ್ದ ಒಬ್ಬ ಗಂಡಸನ್ನು ರೋಡಿನಲ್ಲಿ ಎಳ್ಕೊಂಡು ಬಂತು. ಅವರ ಮೊಣಕಾಲಿನ ಚರ್ಮ ಎದ್ದು ಹೋಗಿತ್ತು. ಪುಟ್ಟ ಹುಡುಗಿಯನ್ನು ಯಾರೋ ಟೀಚರ್ ಬ್ಯಾಗ್ ಹಿಡಿದು ಹಿಂದೆ ಎಳೆದಿದ್ದರು. ಅವಳ ನೀರಿನ ಬಾಟ್ಲಿ ಮಾತ್ರ ಚಕ್ರದ ಅಡಿಯಲ್ಲಿ.

ಯತಿರಾಜ್ ಎರಡು ಕೈಯಲ್ಲಿ ಸ್ಟೇರಿಂಗ್ ಹಿಡಿದು ಎದುರು ನೋಡ್ತಾ ಕೂತಿದ್ದ. ಬೆವರು ಇಳೀತಿತ್ತು, ಆದ್ರೆ ಕಣ್ಣು ದೊಡ್ಡದಾಗಿಯೇ ಇತ್ತು.

"ಇಬ್ಬರು ಗಂಡಸರು ನಿಂತದ್ದು ಕಂಡಿತ್ತು," ಅಂದ. "ನಡುವೆ ಎಂತ ಇರ್ಲಿಲ್ಲ. ತನ್ವೀ, ದೇವರಾಣೆ, ನಡುವೆ ಎಂತ ಇರ್ಲಿಲ್ಲ."

ಬೀಗದ ಕೈಯನ್ನು ಅವನೇ ತೆಗೆದು ಲ್ಯಾನ್ಸಿಗೆ ಕೊಟ್ಟ.

* * *

ಮಧ್ಯಾಹ್ನ ಅಣ್ಣ ತಂಗಿ ಇಬ್ಬರೂ ಹೆಬ್ಬಾರ್ ಡಾಕ್ಟ್ರನ್ನು ಹುಡುಕಿಕೊಂಡು ಹೋದಾಗ ಅವರು ಟ್ರೈನಿಂಗ್ ಲ್ಯಾಬಲ್ಲಿ ಇದ್ದರು. ಅಲ್ಲಿ ಹೊಸ ಡಾಕ್ಟರುಗಳು ಆಡಿನ ಕಣ್ಣಿನ ಮೇಲೆ ಆಪರೇಶನ್ ಕಲಿಯುದು. ಮಟನ್ ಮಾರ್ಕೆಟಿಂದ ಬೆಳಿಗ್ಗೆ ಬಂದದ್ದು, ಟ್ರೇಯಲ್ಲಿ ಸಾಲಾಗಿ ಎಲ್ಲರನ್ನೂ ನೋಡ್ತಾ ಕೂತಿರ್ತವೆ.

ಡಾಕ್ಟ್ರು ಪೂರ್ತಿ ಕೇಳಿದರು. ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ. ಕೇಳಿ ಯತಿರಾಜನ ಹೆಗಲಿಗೆ ಕೈ ಇಟ್ಟರು.

"ಹೆದರಬೇಡ. ಮಕ್ಕಳಿಗೆ ಎಂತ ಆಗ್ಲಿಲ್ಲ ಅಲ್ವಾ, ಅದು ದೊಡ್ಡದು. ನಿನಗೆ ಬಳೆ ಒಗ್ಗಲಿಲ್ಲ ಅಂತ ಕಾಣ್ತದೆ. ತೆಗೆದುಬಿಡುವ."

"ಇವನಿಗೆ ಮಾತ್ರ ಅಲ್ಲ ಡಾಕ್ಟ್ರೇ," ತನ್ವಿತಾ ಅಂದಳು. "ಎಲ್ಲರದ್ದೂ ಹಾಗೇ ಬಿದ್ದಿದೆ."

"ಎಲ್ಲರದ್ದೂ ಚೆನ್ನಾಗಿ ಬಂದಿದೆ ಅಂತ ಹೇಳು. ಒಬ್ಬರದ್ದಾದ್ರೂ ಕಂಪ್ಲೇಂಟ್ ಉಂಟಾ?"

"ಕಂಪ್ಲೇಂಟ್ ಮಾಡ್ಲಿಕ್ಕೆ ಅವರಿಗೆ ಗೊತ್ತೇ ಆಗುದಿಲ್ಲ."

"ನನಗೆ ಗೊತ್ತಾಗ್ತಿತ್ತು ಮಗಾ." ಅವರು ಮೆಲ್ಲ ನಕ್ಕು ತಮ್ಮ ಕಣ್ಣಿಗೆ ಬೆರಳು ತೋರಿಸಿದರು. "ಮೊಟ್ಟಮೊದಲ ಬಳೆ ಇಲ್ಲಿ ಉಂಟು. ಬೇರೆಯವರಿಗೆ ಹಾಕುವ ಮೊದಲು ನನಗೇ ಹಾಕಿಸಿಕೊಂಡದ್ದು."

ಇದು ಸ್ಟೂಡೆಂಟುಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ತೆಗೆಯುದು ಬೇಡ, ಆಫ್ ಮಾಡ್ಲಿಕ್ಕೆ ಆಗ್ತದಾ?" ಯತಿರಾಜ್ ಕೇಳಿದ.

"ಇದು ಫ್ಯಾನಾ? ರೆಪ್ಪೆ ಬಡಿಯುವವರೆಗೆ ಅದು ನಡೀತದೆ. ಇನ್ನು ತಡ ಮಾಡಿದ್ರೆ ಕಾರ್ನಿಯಾಕ್ಕೆ ಅಂಟಿಕೊಳ್ತದೆ, ಆಮೇಲೆ ಬರುದೇ ಇಲ್ಲ. ಈ ವಾರವೇ ಆಗ್ಬೇಕು."

"ಬೇರೆ ಯಾರಾದ್ರೂ ತೆಗೀತಾರಾ?" ತನ್ವಿತಾ ಕೇಳಿಬಿಟ್ಟಳು.

ಡಾಕ್ಟ್ರಿಗೆ ಬೇಜಾರಾಗಲಿಲ್ಲ. "ನಾನು ಕಲಿಸಿದವರು ಇಬ್ಬರು ಇದ್ದಾರೆ. ಅವರ ಕಣ್ಣಿಗೂ ನಾನೇ ಬಳೆ ಹಾಕಿದ್ದು. ಕೂತ್ಕೋ, ಹೇಗೆ ತೆಗೆಯುದು ಅಂತ ತೋರಿಸ್ತೇನೆ. ನಿಮಗೂ ಧೈರ್ಯ ಬರ್ಲಿ."

ಅವರು ಬಳೆ ಹಾಕಿಟ್ಟ ಒಂದು ಆಡಿನ ಕಣ್ಣನ್ನು ಮೈಕ್ರೋಸ್ಕೋಪಿನ ಅಡಿಗೆ ಇಟ್ಟರು. ಗೋಡೆಯ ಸ್ಕ್ರೀನಿನಲ್ಲಿ ಅದು ತಟ್ಟೆಯಷ್ಟು ದೊಡ್ಡದಾಗಿ ಬಂತು. ಉರುಟಾಗಿ ಕೊಯ್ದರು, ಬಳೆಯನ್ನು ಚಿಮಟಿಗೆಯಲ್ಲಿ ಮೆಲ್ಲ ಹೊರಗೆ ಎಳೆದರು. ಎಷ್ಟು ಚಂದದ ಕೈ! ಒಂದು ಚೂರು ನಡುಗುದಿಲ್ಲ. ಆಮೇಲೆ ಹೊಲಿಗೆ. ಮೇಲೊಂದು. ಕೆಳಗೊಂದು. ಆ ಎರಡರ ನೂಲು ನೆಟ್ಟಗೆ ಬರುದು. ಎರಡೂ ಮುತ್ತಿನ ಹಾಗೆ ಕೂತವು.

ಇನ್ನು ಬದಿಯದ್ದು. ಅಲ್ಲಿ ಸೂಜಿ, ನೂಲು ಎರಡೂ ಅಡ್ಡಕ್ಕೆ.

ಸೂಜಿ ಎಡಬದಿಗೆ ಹೋಯ್ತು. ಕೊಯ್ದ ಜಾಗದಲ್ಲಿ ಅಲ್ಲ, ಅದರ ಪಕ್ಕದಲ್ಲಿ, ಸರಿ ಇದ್ದ ಜಾಗಕ್ಕೆ ಹೊಕ್ಕಿತು. ಡಾಕ್ಟ್ರು ಎಳೆದರು. ನೂಲು ಜಾರಿ ಹೊರಗೆ ಬಂತು. ಏನೂ ಇಲ್ಲದಲ್ಲಿ ಅವರು ಗಂಟು ಹಾಕಿದರು, ಒಂದು, ಎರಡು, ಮೂರು ಸುತ್ತು, ತುಂಬಾ ಶ್ರದ್ಧೆಯಲ್ಲಿ. ಗಾಯ ಬಾಯಿ ಬಿಟ್ಟಿತು. ಅದರೊಳಗಿಂದ ನೀರು ಮೆಲ್ಲ ಒಸರಿ ಬಂತು.

"ಕಂಡಿತಾ? ಎಷ್ಟು ಕ್ಲೀನ್!" ಅಂದರು ಡಾಕ್ಟ್ರು.

"ಸೂಪರ್ ಡಾಕ್ಟ್ರೇ," ಅಂದ ಯತಿರಾಜ್, ಸ್ಕ್ರೀನ್ ನೋಡ್ತಾ.

ತನ್ವಿತಾ ಕೂತಲ್ಲಿಂದ ಎದ್ದಳು. "ಡಾಕ್ಟ್ರೇ, ಬದಿಯ ಹೊಲಿಗೆ ಬೀಳ್ಲಿಲ್ಲ."

ಅವರು ತಲೆ ಎತ್ತಿ ಸ್ಕ್ರೀನ್ ನೋಡಿದರು. ಆರಾಮಾಗಿ, ಕಣ್ಣು ದೊಡ್ಡದು ಮಾಡಿಕೊಂಡೇ. "ಬಿದ್ದಿದೆ ಮಗಾ. ಬದಿಯ ಹೊಲಿಗೆ ಈಗ ಎಷ್ಟು ಸಪೂರ ಬರ್ತದೆ ಅಂದ್ರೆ ನನಗೇ ಕಾಣುದಿಲ್ಲ. ಕಾಣದ ಹೊಲಿಗೆಯೇ ಒಳ್ಳೆ ಹೊಲಿಗೆ. ನನ್ನ ಗುರುಗಳು ಹೇಳ್ತಿದ್ದರು."

ಟ್ರೇಯ ಇನ್ನೊಂದು ಬದಿಯಲ್ಲಿ ಬೆಳಿಗ್ಗೆಯಿಂದ ಅವರು ಹೊಲಿದ ಕಣ್ಣುಗಳು ಇದ್ದವು. ಎಲ್ಲದರ ಬದಿಯೂ ಬಾಯಿ ಬಿಟ್ಟಿತ್ತು.

"ನಾಳೆ ಒಂಬತ್ತಕ್ಕೆ ಥಿಯೇಟರ್ ಖಾಲಿ ಉಂಟು," ಗ್ಲೌಸ್ ಕಳಚುತ್ತಾ ಡಾಕ್ಟ್ರು ಹೇಳಿದರು. "ಕರ್ಕೊಂಡು ಬಾ. ನಾನೇ ತೆಗೀತೇನೆ."

"ಬರ್ತೇವೆ," ಅಂದ ಯತಿರಾಜ್. ಬೆಳಿಗ್ಗೆಯಿಂದ ಮೊದಲ ಸಲ ಅವನ ಮುಖದಲ್ಲಿ ಜೀವ ಬಂದಿತ್ತು.

"ಎಂಟಕ್ಕೆ," ತನ್ವಿತಾ ಅಂದಳು. "ಎಂಟಕ್ಕೆ ನಾನು ಬರ್ತೇನೆ, ಡಾಕ್ಟ್ರೇ. ಅಣ್ಣ ಆಮೇಲೆ. ಮೊದಲು ನಿಮ್ಮ ಕಣ್ಣು ನಾನು ಪರೀಕ್ಷೆ ಮಾಡ್ಬೇಕು."

ಯತಿರಾಜ್ ಅವಳ ಕೈ ಹಿಡಿದು ಎಳೆದ. ಒಬ್ಬ ಸ್ಟೂಡೆಂಟ್, ಹೆಬ್ಬಾರ್ ಡಾಕ್ಟ್ರಿಗೆ!

ಡಾಕ್ಟ್ರು ಮಾತ್ರ ಅವಳ ಕೆನ್ನೆ ತಟ್ಟಿದರು, ಪ್ರೀತಿಯಿಂದಲೇ.

"ಆಯ್ತು, ಎಂಟಕ್ಕೆ. ಯಾವ ಪರೀಕ್ಷೆ ಬೇಕಾದ್ರೂ ಮಾಡು. ನಾನು ಪಾಸಾಗ್ತೇನೆ."